ಹಿಂದಿನ ಸೀಟಿನ ನೆನಪುಗಳಿಗೆ ಗೇರು ಗೊತ್ತಿಲ್ಲ

ಕನ್ನಡದಲ್ಲಿ ಈಚೆಗೆ ಒಂದು ಬಗೆಯ ಪ್ರಬಂಧ ವಿಪರೀತ ಬೆಳೆದಿದೆ. ಅದರೊಳಗೆ ಒಂದು ಅಂಬಾಸಡರ್ ಇರುತ್ತದೆ, ಇಲ್ಲವಾದರೆ ಫಿಯೆಟ್. ಕಾರು ಅಜ್ಜನದು, ದೊಡ್ಡಪ್ಪನದು ಅಥವಾ ಊರಿಗೆ ಒಬ್ಬರೇ ಇದ್ದ ಡಾಕ್ಟರದು. ಹಿಂದಿನ ಸೀಟಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತ ಆರು ಮಕ್ಕಳು, ಡಿಕ್ಕಿಯಲ್ಲಿ ಹಲಸಿನಹಣ್ಣು, ಘಾಟಿಯ ತಿರುವಿನಲ್ಲಿ ಯಾರಿಗೋ ವಾಂತಿ. ಕೊನೆಯ ಪ್ಯಾರಾಕ್ಕೆ ಬರುವ ಹೊತ್ತಿಗೆ ಗುಜರಿಯವನು ಕಾರನ್ನು ಎಳೆದುಕೊಂಡು ಹೋಗುತ್ತಾನೆ, ಬರೆದವರ ಕಣ್ಣು ಒದ್ದೆಯಾಗುತ್ತದೆ, ಓದಿದವರು ‘ನಮ್ಮ ಮನೆಯಲ್ಲೂ ಒಂದಿತ್ತು’ ಎಂದು ನಿಟ್ಟುಸಿರು ಬಿಡುತ್ತಾರೆ.

ಇಂಥವನ್ನು ಓದಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ. ಆ ಕಾರಿನ ಗೇರು ಎಲ್ಲಿತ್ತು? ಅದನ್ನು ಹೇಗೆ ಹಾಕುತ್ತಿದ್ದರು? ಘಾಟಿಯಲ್ಲಿ ಮೂರನೆಯದರಿಂದ ಎರಡನೆಯದಕ್ಕೆ ಇಳಿಸುವಾಗ ಓಡಿಸುತ್ತಿದ್ದವರ ಎಡಗೈ ಏನು ಮಾಡುತ್ತಿತ್ತು? ಹಲಸಿನಹಣ್ಣಿನ ವಾಸನೆ ನೆನಪಿರುವ ಲೇಖಕರಿಗೆ ಇದು ನೆನಪಿರುವುದಿಲ್ಲ. ಮರೆತಿದ್ದಾರೆ ಎಂದೇನಲ್ಲ, ಅವರು ನೋಡಿಯೇ ಇರಲಿಲ್ಲ. ಅವರು ಹಿಂದಿನ ಸೀಟಿನಲ್ಲಿದ್ದರು.

ಹಳೆಯ ಗಾಡಿಗಳ ಬಗ್ಗೆ ನಮ್ಮ ಸಾಹಿತ್ಯದ ನೋಟ ಹಿಂದಿನ ಸೀಟಿನದು. ನಮ್ಮ ಕಾನೂನಿನ ನೋಟವೂ ಅದೇ, ಹಣವಂತ ಸಂಗ್ರಾಹಕರ ನೋಟವೂ ಅದೇ. ಮೂವರಿಗೂ ಗಾಡಿ ಒಂದು ನೋಡುವ ವಸ್ತು. ಅದನ್ನು ಓಡಿಸುವ ಕೈ ಮತ್ತು ರಿಪೇರಿ ಮಾಡುವ ಕೈ ಈ ಮೂವರ ಲೆಕ್ಕದಲ್ಲೂ ಇಲ್ಲ. ಆ ಎರಡು ಕೈಗಳು ಹೋದ ಮೇಲೆ ಉಳಿಯುವುದು ತಗಡು. ಆ ತಗಡನ್ನು ಮದುವೆಯ ಫೋಟೋಶೂಟಿಗೆ ನಿಲ್ಲಿಸಬಹುದು, ಹೋಟೆಲಿನ ಬಾಗಿಲಲ್ಲಿ ಅರ್ಧ ಕತ್ತರಿಸಿ ಗೋಡೆಗೆ ಅಂಟಿಸಬಹುದು, ಅದರ ಮೇಲೆ ಪ್ರಬಂಧವನ್ನೂ ಬರೆಯಬಹುದು. ಹೀಗೆ ಮಾಡುತ್ತಾ ‘ಪರಂಪರೆ ಉಳಿಸುತ್ತಿದ್ದೇವೆ’ ಎಂದುಕೊಳ್ಳುವುದರ ವಿರುದ್ಧ ಈ ಬರಹ.

ಮೊದಲು ಗೇರು ಎಲ್ಲಿತ್ತು ಎಂಬುದನ್ನು ನೋಡೋಣ. ಇಂದು ಕಾರು ಕಲಿಯುವವರಿಗೆ ಗೇರು ಎಂದರೆ ಎರಡು ಸೀಟುಗಳ ನಡುವೆ ನೆಲದಿಂದ ಎದ್ದ ಕೋಲು. ಅಂಬಾಸಡರ್ ಮತ್ತು ಫಿಯೆಟ್ ಕಾರುಗಳಲ್ಲಿ ದಶಕಗಳ ಕಾಲ ಅಲ್ಲಿ ಏನೂ ಇರಲಿಲ್ಲ. ಗೇರಿನ ಹಿಡಿ ಸ್ಟೀರಿಂಗ್ ಚಕ್ರದ ಕೆಳಗೆ, ಅದರ ಕಂಬದಿಂದ ಎಡಕ್ಕೆ ಚಾಚಿಕೊಂಡಿತ್ತು. ನಮ್ಮ ಕಡೆ ಇದಕ್ಕೆ ‘ಸ್ಟೀರಿಂಗ್ ಗೇರು’ ಎನ್ನುತ್ತಾರೆ, ಕೆಲವರು ‘ಹ್ಯಾಂಡ್ ಗೇರು’ ಎನ್ನುತ್ತಾರೆ. ನೆಲದ ಮೇಲಿನದು ‘ಫ್ಲೋರ್ ಗೇರು’. ಅಮೆರಿಕದಲ್ಲಿ 1930ರ ದಶಕದ ಕೊನೆಗೆ ಈ ಏರ್ಪಾಡು ಹಬ್ಬಿತು. ಕಾರಣ ಸರಳ: ನೆಲ ಖಾಲಿಯಾದರೆ ಮುಂದೆ ಬೆಂಚಿನಂಥ ಉದ್ದ ಸೀಟು ಹಾಕಿ ಮೂರು ಜನರನ್ನು ಕೂರಿಸಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಮಾದರಿ 1950ರ ದಶಕದ ಕೊನೆಯಲ್ಲಿ ಕೋಲ್ಕತ್ತಾ ಬಳಿಯ ಉತ್ತರಪಾರದಲ್ಲಿ ಅಂಬಾಸಡರ್ ಆಯಿತು. ಇಟಲಿಯ ಫಿಯೆಟ್ 1100 ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಎರಡೂ ತಮ್ಮ ಜೊತೆ ಈ ಸ್ಟೀರಿಂಗ್ ಗೇರನ್ನು ತಂದವು. 1983ರ ಕೊನೆಗೆ ಬಂದ ಮಾರುತಿ 800ರಲ್ಲಿ ಗೇರು ನೆಲದ ಮೇಲಿತ್ತು. ಮುಂದೆ ಇಸುಜು ಎಂಜಿನ್ ಹಾಕಿದ ಅಂಬಾಸಡರಿನಲ್ಲೂ ಅದು ನೆಲಕ್ಕೆ ಇಳಿಯಿತು. ಪದ್ಮಿನಿ ಈ ಶತಮಾನದ ಆರಂಭಕ್ಕೆ ನಿಂತಿತು, ಅಂಬಾಸಡರ್ 2014ರಲ್ಲಿ.

ಕಂಬದ ಮೇಲಿನ ಆ ಹಿಡಿಗೆ ಎರಡು ಚಲನೆಗಳಿವೆ. ಒಂದು, ಹಿಡಿಯನ್ನು ನಿಮ್ಮ ಕಡೆಗೆ ಎಳೆಯುವುದು ಅಥವಾ ಆಚೆಗೆ ಬಿಡುವುದು. ಇದರಿಂದ ಯಾವ ಜೋಡಿ ಗೇರು ಬೇಕು ಎಂಬುದು ನಿಶ್ಚಯವಾಗುತ್ತದೆ: ಒಂದು–ಎರಡೋ, ಮೂರು–ನಾಲ್ಕೋ. ಇನ್ನೊಂದು, ಅದನ್ನು ಮೇಲಕ್ಕೆ ಅಥವಾ ಕೆಳಕ್ಕೆ ಒಯ್ಯುವುದು. ಇದರಿಂದ ಆ ಜೋಡಿಯಲ್ಲಿ ಒಂದು ಗೇರು ಬೀಳುತ್ತದೆ. ರಿವರ್ಸಿಗೆ ಇನ್ನೊಂದು ತಡೆ ದಾಟಬೇಕು. ನೆಲದ ಗೇರಿನ ಕೋಲು ಗೇರ್‌ಬಾಕ್ಸಿನ ತಲೆಯ ಮೇಲೇ ಕೂತಿರುತ್ತದೆ; ಇಲ್ಲಿ ಹಾಗಲ್ಲ. ಕೈಯ ಚಲನೆ ಕಂಬದುದ್ದಕ್ಕೂ ಇಳಿದು, ಬುಡದಲ್ಲಿರುವ ಸಣ್ಣ ತೋಳುಗಳನ್ನು ತಿರುಗಿಸಿ, ಅಲ್ಲಿಂದ ಕಂಬಿಗಳ ಮೂಲಕ ಗೇರ್‌ಬಾಕ್ಸಿನ ಪಕ್ಕಕ್ಕೆ ಹೋಗಿ ಮುಟ್ಟಬೇಕು. ಆ ದಾರಿಯಲ್ಲಿ ಹಲವು ಕೀಲುಗಳು, ಬುಷ್‌ಗಳು. ಪ್ರತಿ ಕೀಲೂ ಒಂದಿಷ್ಟು ಸವೆಯುತ್ತದೆ. ಒಂದೊಂದರಲ್ಲಿ ಕೂದಲೆಳೆಯಷ್ಟು ಸವೆತವಿದ್ದರೂ ಎಲ್ಲ ಸೇರಿ ಹಿಡಿಯ ತುದಿಯಲ್ಲಿ ಅಂಗೈ ಅಗಲದ ‘ಆಟ’ ಆಗುತ್ತದೆ.

ಆದ್ದರಿಂದ ಹತ್ತು ವರ್ಷ ಓಡಿದ ಎರಡು ಅಂಬಾಸಡರ್‌ಗಳ ಗೇರು ಒಂದೇ ರೀತಿ ಬೀಳುವುದಿಲ್ಲ. ಒಂದರಲ್ಲಿ ಎರಡನೆಯದಕ್ಕೆ ಹಿಡಿಯನ್ನು ತುಸು ಹೆಚ್ಚು ಎಳೆದು ಇಳಿಸಬೇಕು, ಇನ್ನೊಂದರಲ್ಲಿ ನ್ಯೂಟ್ರಲ್ಲಿನಲ್ಲಿ ಒಂದು ಕ್ಷಣ ನಿಲ್ಲಿಸಿ ಉಸಿರು ಬಿಟ್ಟಂತೆ ಬಿಡಬೇಕು. ಜೊತೆಗೆ ಈ ಗಾಡಿಗಳ ಮೊದಲ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲ. ಅಂದರೆ ಗಾಡಿ ಚಲಿಸುತ್ತಿರುವಾಗಲೇ ಮೊದಲನೆಯದಕ್ಕೆ ಇಳಿಸಬೇಕಾದರೆ ಹಲ್ಲುಗಳ ವೇಗವನ್ನು ಸರಿಹೊಂದಿಸುವ ಕೆಲಸ ಚಾಲಕನದೇ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಮ್ಮೆ ಒತ್ತಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಇದೇ ‘ಡಬಲ್ ಕ್ಲಚ್’. ಆಗುಂಬೆಯ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ, ಏಳೆಂಟು ಜನ ತುಂಬಿದ ಗಾಡಿಯಲ್ಲಿ, ಇಷ್ಟನ್ನೂ ಕಣ್ಣು ರಸ್ತೆಯಿಂದ ಕೀಳದೆ ಮಾಡುವುದು ಸಣ್ಣ ವಿದ್ಯೆಯಲ್ಲ. ಹಿಂದಿನ ಸೀಟಿನಲ್ಲಿ ಅದು ಒಂದು ‘ಕರ್ರ್’ ಸದ್ದಾಗಿ ಕೇಳಿಸುತ್ತಿತ್ತು. ಚೆನ್ನಾಗಿ ಬಲ್ಲವರು ಓಡಿಸುತ್ತಿದ್ದರೆ ಅದೂ ಕೇಳಿಸುತ್ತಿರಲಿಲ್ಲ. ನಮ್ಮ ಪ್ರಬಂಧಗಳಲ್ಲಿ ಈ ವಿದ್ಯೆ ಕಾಣದಿರುವುದಕ್ಕೆ ಅದು ಅಷ್ಟು ಚೆನ್ನಾಗಿದ್ದುದೂ ಒಂದು ಕಾರಣ.

ಇನ್ನು ರಿಪೇರಿ. ಕೀಲುಗಳು ಸವೆದ ಗಾಡಿಯಲ್ಲಿ ಒಂದು ಪ್ರಸಿದ್ಧ ಕಾಯಿಲೆ ಬರುತ್ತದೆ: ಗೇರು ಲಾಕ್ ಆಗುವುದು. ಕಂಬದ ಬುಡದ ತೋಳುಗಳು ಒಂದಕ್ಕೊಂದು ಸಾಲು ತಪ್ಪಿ, ಹಿಡಿ ಎತ್ತಲೂ ಅಲ್ಲಾಡದೆ ನಿಂತುಬಿಡುತ್ತದೆ. ಬಲ ಹಾಕಿದರೆ ಕಂಬಿ ಬಾಗುತ್ತದೆ. ಬಲ್ಲವರು ಇಳಿದು, ಬಾನೆಟ್ ಎತ್ತಿ, ಕೈ ಒಳಗೆ ಹಾಕಿ ಆ ತೋಳುಗಳನ್ನು ತಡಕಿ ಎರಡನ್ನೂ ನ್ಯೂಟ್ರಲ್ಲಿನ ಸಾಲಿಗೆ ತರುತ್ತಾರೆ. ಅರ್ಧ ನಿಮಿಷದ ಕೆಲಸ. ಕಣ್ಣಿಗೆ ಅಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ, ಎಲ್ಲವೂ ಬೆರಳ ತುದಿಯ ತಿಳಿವಳಿಕೆ.

ಕಸುಬುಗಳ ಕನ್ನಡದ ಬಗ್ಗೆ ನಾನು ಮಾಡುತ್ತಿರುವ ಸಂಶೋಧನೆಗಾಗಿ ಎರಡು ವರ್ಷ ಗ್ಯಾರೇಜುಗಳಲ್ಲಿ ಕೂತಿದ್ದೇನೆ. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಎಪ್ಪತ್ತರ ಆಸುಪಾಸಿನ ಮೇಸ್ತ್ರಿಯೊಬ್ಬರನ್ನು ಈ ತೋಳುಗಳ ಸಾಲು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ‘ಹೇಳಿದ್ರೆ ಗೊತ್ತಾಗಲ್ಲಮ್ಮ, ಕೈ ಹಾಕು’ ಅಂದರು. ಹಾಕಿದೆ. ‘ಸಿಕ್ತಾ? ಅದು ಈಗ ವಾರೆ ಐತೆ. ನೆಟ್ಟಗೆ ಬಂದಾಗ ಅದೇ ಹೇಳ್ತದೆ.’ ಅವರ ಇಬ್ಬರು ಗಂಡುಮಕ್ಕಳೂ ಈ ಕೆಲಸಕ್ಕೆ ಬಂದಿಲ್ಲ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗರಿಗೆ ಈಗಿನ ಗಾಡಿಗೆ ಸ್ಕ್ಯಾನರ್ ಚುಚ್ಚಿ ಕೋಡ್ ಓದುವುದು ಗೊತ್ತು, ಅದು ಅವರ ಅನ್ನ. ಮೇಸ್ತ್ರಿಯವರ ನಂತರ ಆ ಊರಿನ ಹಳೆಯ ಗಾಡಿಗಳ ಗೇರು ಲಾಕ್ ಆದರೆ ಬಿಡಿಸುವವರು ಯಾರು? ಈ ಪ್ರಶ್ನೆ ಯಾವ ಸ್ಮೃತಿ ಪ್ರಬಂಧದಲ್ಲೂ ನನಗೆ ಸಿಕ್ಕಿಲ್ಲ.

ಗ್ಯಾರೇಜಿನ ಕನ್ನಡದ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು. ನೇಕಾರರ, ಕುಂಬಾರರ, ಬೇಸಾಯಗಾರರ ಪದಗಳನ್ನು ಕಲೆಹಾಕುವ ಒಳ್ಳೆಯ ಪರಂಪರೆ ನಮ್ಮಲ್ಲಿದೆ. ಮೆಕ್ಯಾನಿಕ್ಕರ ಪದಗಳ ಬಗ್ಗೆ ಮಾತೆತ್ತಿದರೆ ‘ಅದೆಲ್ಲ ಇಂಗ್ಲಿಷ್ ಪದಗಳಲ್ವಾ’ ಎಂಬ ಉತ್ತರ ಬರುತ್ತದೆ. ನಾಮಪದಗಳು ಇಂಗ್ಲಿಷಿನವು ಹೌದು; ಕ್ಲಚ್, ಬುಷ್, ಪಾಯಿಂಟು. ಕ್ರಿಯಾಪದಗಳನ್ನು ಕೇಳಿ. ಗೇರು ‘ಬೀಳುತ್ತದೆ’. ಸ್ಟೀರಿಂಗ್ ಗೇರಿನಲ್ಲಿ ಹಿಡಿಯನ್ನು ಮೇಲಕ್ಕೆ ಎತ್ತಿದಾಗಲೂ ಗೇರು ಬೀಳುವುದೇ. ಎಂಜಿನ್ ‘ಮಿಸ್ ಹೊಡೆಯುತ್ತದೆ’, ಗಾಡಿ ‘ಎಳೆಯುವುದಿಲ್ಲ’, ಕೀಲು ‘ಆಟ ಆಡುತ್ತದೆ’. ಎಲ್ಲಕ್ಕಿಂತ ಮುಖ್ಯವಾದ ಮಾತು ‘ಎಂಜಿನ್ ಕೆಲಸಕ್ಕೆ ಬಂದಿದೆ’. ನಮ್ಮ ದಿನಬಳಕೆಯಲ್ಲಿ ಹಾಳಾದದ್ದು ‘ಕೆಲಸಕ್ಕೆ ಬಾರದ್ದು’. ಗ್ಯಾರೇಜಿನಲ್ಲಿ ಹಾಳಾದದ್ದು ‘ಕೆಲಸಕ್ಕೆ ಬಂದದ್ದು’. ಒಂದೇ ಮಾತನ್ನು ಅವರು ತಿರುಗಿಸಿ ಇಟ್ಟಿದ್ದಾರೆ. ಬಳಸಿ ಬಿಸಾಡುವ ಕಾಲದಲ್ಲಿ ಇಂಥ ಒಂದು ನುಡಿಗಟ್ಟನ್ನು ದಿನಾ ಆಡುವ ಜನ ನಮ್ಮ ನಡುವೆ ಇದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅದನ್ನು ಕೇಳಿಸಿಕೊಂಡಿಲ್ಲ.

ಈ ಕಿವುಡಿಗೆ ಒಂದು ವರ್ಗದ ಚರಿತ್ರೆಯಿದೆ. ಕಾರಿನ ಚರಿತ್ರೆ ಎಂದರೆ ನಮಗೆ ಸ್ಥಾಪಕರ ಚರಿತ್ರೆ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಕಾರು ಕಾರ್ಖಾನೆಯ ಯೋಜನೆ ಮಾಡಿದರು, ವಾಲಚಂದ್ ಹೀರಾಚಂದ್ ಪ್ರೀಮಿಯರ್ ಕಂಪನಿ ಕಟ್ಟಿದರು, ಬಿರ್ಲಾ ಕುಟುಂಬ ಹಿಂದುಸ್ತಾನ್ ಮೋಟಾರ್ಸ್ ಕಟ್ಟಿತು. ಇದೆಲ್ಲ ನಿಜ, ಮುಖ್ಯವೂ ಹೌದು. ಅವರು ಕಟ್ಟಿದ ಗಾಡಿಗಳು ಕಾರ್ಖಾನೆಯಿಂದ ಹೊರಬಿದ್ದ ಮೇಲೆ ನಲವತ್ತು ವರ್ಷ ಓಡಿದ್ದು ಯಾರಿಂದ? ಕರಾವಳಿಯ ‘ಸರ್ವಿಸ್ ಕಾರು’ಗಳನ್ನು ನೆನಪಿಸಿಕೊಳ್ಳಿ. ಬಸ್ಸು ಹೋಗದ ಊರುಗಳಿಗೆ, ತಲೆಗಿಷ್ಟು ಎಂದು ದುಡ್ಡು ಕೊಟ್ಟು ಜನ ತುಂಬಿಕೊಂಡು ಹೋಗುತ್ತಿದ್ದ ಅಂಬಾಸಡರ್‌ಗಳು ಅವು. ಮುಂದಿನ ಬೆಂಚು ಸೀಟಿನಲ್ಲೇ ಮೂರು ನಾಲ್ಕು ಜನ. ಚಾಲಕ ಬಾಗಿಲಿಗೆ ಅಂಟಿ ಒಂದು ಪಕ್ಕಕ್ಕೆ ಕೂತು ಓಡಿಸುತ್ತಿದ್ದ. ಗೇರು ನೆಲದ ಮೇಲಿದ್ದಿದ್ದರೆ ಆ ನಡುವಿನ ಮನುಷ್ಯನಿಗೆ ಜಾಗವೇ ಇರುತ್ತಿರಲಿಲ್ಲ. ಸಂತೆಗೆ ಹೋಗುವ ಹೆಂಗಸು, ಆಸ್ಪತ್ರೆಗೆ ಹೋಗುವ ಬಸುರಿ, ಅಡಿಕೆ ಮಾರಿ ಬರುವ ಸಣ್ಣ ಹಿಡುವಳಿದಾರ, ಇವರೆಲ್ಲ ಅಜ್ಜನ ಕಾರಿನವರಲ್ಲ. ಅವರ ಅಂಬಾಸಡರ್ ಸಾರ್ವಜನಿಕ ವಾಹನ. ಅದರ ಬಗ್ಗೆ ನಮ್ಮಲ್ಲಿ ಬರಹ ಕಡಿಮೆ, ಮನೆಯ ಮುಂದೆ ನಿಂತಿದ್ದ ಅಂಬಾಸಡರಿನ ಬಗ್ಗೆ ಬರಹ ಬಹಳ. ಯಂತ್ರಗಳನ್ನು ಬಿಚ್ಚಿ ನೋಡುವ ಕುತೂಹಲವಿದ್ದ ತೇಜಸ್ವಿಯವರಂಥವರನ್ನು ಬಿಟ್ಟರೆ, ನಮ್ಮ ಲೇಖಕರಲ್ಲಿ ಬಾನೆಟ್ ಎತ್ತಿದವರು ಎಷ್ಟು ಮಂದಿ?

ಇನ್ನು ಕಾನೂನಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಇತ್ತ ಗಾಡಿಯನ್ನು ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸಿದ ಸರ್ಟಿಫಿಕೇಟ್ ಇದ್ದರೆ ಹೊಸ ಖಾಸಗಿ ಗಾಡಿಯ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ಅವಕಾಶ ಮಾಡಿಕೊಟ್ಟಿದೆ. ಜೋಪಾನ ಮಾಡಿದವನಿಗೆ ದಂಡ, ಒಡೆದು ಹಾಕಿದವನಿಗೆ ಬಹುಮಾನ.

‘ಪರಂಪರೆಯ ಗಾಡಿಗಳಿಗೆ ಬೇರೆ ನಿಯಮ ಇದೆಯಲ್ಲ’ ಎನ್ನುವವರಿದ್ದಾರೆ. ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದೆ ಮೂಲರೂಪದಲ್ಲಿರುವ ಗಾಡಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಊರ್ಜಿತ, ನವೀಕರಣಕ್ಕೆ 5,000. ಆದರೆ ಷರತ್ತು ಓದಿ: ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲು ತುಂಬಿಸಲು ಮತ್ತು ರಿಪೇರಿಗೆ ಮಾತ್ರ ರಸ್ತೆಗೆ ತರಬಹುದು.

ಇದರ ಅರ್ಥವನ್ನು ಬಿಡಿಸಿ ನೋಡೋಣ. ಐವತ್ತು ದಾಟಿದ ಗಾಡಿಗೆ ಗೌರವ ಬೇಕೆಂದರೆ ಅದು ಓಡಾಟ ಬಿಡಬೇಕು. ಐವತ್ತು ದಾಟದ ಗಾಡಿಗೆ ಗೌರವದ ಬಾಗಿಲೇ ಇಲ್ಲ. ಪದ್ಮಿನಿ ಎಂಬ ಹೆಸರು ಹೊತ್ತ ಕಾರುಗಳು ತಯಾರಾದದ್ದು ಸುಮಾರು 1974ರಿಂದ ಶತಮಾನದ ಕೊನೆಯವರೆಗೆ. ಅವುಗಳಲ್ಲಿ ಹೆಚ್ಚಿನವು ಇಂದು 26ರಿಂದ 50 ವರ್ಷದ ನಡುವೆ ಇವೆ. ಕಾನೂನಿನ ಕಣ್ಣಿಗೆ ಅವು ವಿಂಟೇಜ್ ಅಲ್ಲ, ಬರೀ ಮುದಿ ಗಾಡಿ. ಇಪ್ಪತ್ತು ಗಾಡಿ ಶೆಡ್ಡಿನಲ್ಲಿ ನಿಲ್ಲಿಸಿಕೊಂಡ ಸಂಗ್ರಾಹಕರಿಗೆ ‘ವಿಎ’ ನಂಬರು ಅನುಕೂಲವೇ; ಅವರು ಹೇಗೂ ವರ್ಷಕ್ಕೆರಡು ರ‍್ಯಾಲಿಗೆ ಮಾತ್ರ ತೆಗೆಯುತ್ತಾರೆ. ಒಂದೇ ಫಿಯೆಟ್ ಇಟ್ಟುಕೊಂಡು ವಾರಕ್ಕೊಮ್ಮೆ ಅದರಲ್ಲೇ ತರಕಾರಿ ತರುವ ನಿವೃತ್ತ ಮೇಷ್ಟರಿಗೆ ಈ ನಿಯಮದಲ್ಲಿ ಜಾಗವಿಲ್ಲ. ಹಾಗೆ ವಾರಕ್ಕೊಮ್ಮೆ ಓಡುವ ಗಾಡಿಯೇ ಮೆಕ್ಯಾನಿಕ್ಕನ ಬಳಿಗೆ ಹೋಗುತ್ತದೆ, ಬುಷ್ ಬದಲಾಯಿಸುತ್ತದೆ, ಬಿಡಿಭಾಗದ ಅಂಗಡಿಯನ್ನು ಉಳಿಸುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅಂಬಾಸಡರಿನ ಗೇರು ಕಂಬಿಯ ಬುಷ್ ಕೇಳುವವರು ಇರುವವರೆಗೆ ಮಾತ್ರ ಅದು ಸಿಗುತ್ತದೆ. ರ‍್ಯಾಲಿಯ ಗಾಡಿಗಳಿಂದ ಆ ಅಂಗಡಿ ನಡೆಯುವುದಿಲ್ಲ.

‘ಮೂಲರೂಪ’ ಎಂಬ ಮಾತನ್ನೂ ಒಮ್ಮೆ ತಟ್ಟಿ ನೋಡಬೇಕು. ಕ್ಯೂಬಾದಲ್ಲಿ 1950ರ ದಶಕದ ಅಮೆರಿಕನ್ ಕಾರುಗಳು ಇಂದಿಗೂ ಬಾಡಿಗೆಗೆ ಓಡುತ್ತವೆ. ಅಮೆರಿಕದ ದಿಗ್ಬಂಧನದಿಂದ ಬಿಡಿಭಾಗ ನಿಂತಾಗ ಅಲ್ಲಿಯ ಮೆಕ್ಯಾನಿಕ್ಕರು ಬೇರೆ ದೇಶಗಳ ಡೀಸೆಲ್ ಎಂಜಿನ್ ಕೂರಿಸಿದರು, ಕೈಯಿಂದಲೇ ಭಾಗ ಮಾಡಿದರು. ನಮ್ಮ ನಿಯಮದ ಪ್ರಕಾರ ಅವು ವಿಂಟೇಜ್ ಆಗಲಾರವು. ನಮ್ಮಲ್ಲೂ ಡೀಸೆಲ್ ಎಂಜಿನ್ ಹಾಕಿಸಿಕೊಂಡ ಅಂಬಾಸಡರ್‌ಗಳು, ಇನ್ಯಾವುದೋ ಗಾಡಿಯ ಭಾಗದಿಂದ ಬದುಕುಳಿದ ಫಿಯೆಟ್‌ಗಳು ಬೇಕಾದಷ್ಟಿದ್ದವು. ಬಡ ಗ್ಯಾರೇಜುಗಳ ಜಾಣತನ ಅಲ್ಲಿದೆ. ಮೂಲರೂಪವನ್ನೇ ಪರಂಪರೆ ಎಂದು ಕರೆದರೆ, ನಲವತ್ತು ವರ್ಷದ ರಿಪೇರಿಯನ್ನೆಲ್ಲ ಕಳಂಕ ಎಂದು ಕರೆದಂತೆ. ಕಾರ್ಖಾನೆ ಮಾಡಿದ್ದು ಪರಂಪರೆ, ಗ್ಯಾರೇಜು ಮಾಡಿದ್ದು ಕಲಬೆರಕೆ ಎಂಬ ತೀರ್ಪು ಅದು.

ಈಗ ಎದುರು ವಾದಗಳು. ಇವನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಮೊದಲನೆಯದು ಹೊಗೆ. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರ್ಬುರೇಟರ್ ಗಾಡಿ ಒಂದು ಕಿಲೋಮೀಟರಿಗೆ ಉಗುಳುವ ವಿಷ ಇಂದಿನ ಬಿಎಸ್ 6 ಗಾಡಿಗಿಂತ ಬಹಳ ಹೆಚ್ಚು. ಇದರಲ್ಲಿ ಅನುಮಾನವಿಲ್ಲ. ದಿನಕ್ಕೆ ನೂರಾರು ಕಿಲೋಮೀಟರ್ ಓಡುವ ಟ್ಯಾಕ್ಸಿಗಳಿಗೆ ವಯಸ್ಸಿನ ಮಿತಿ ಹಾಕಿದ್ದು ನನಗೆ ಒಪ್ಪಿಗೆ. ಮುಂಬಯಿಯ ಕೊನೆಯ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿ 20 ವರ್ಷ ತುಂಬಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಶ್ವಾಸಕೋಶದ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ತಿಂಗಳಿಗೆ ನೂರು ಕಿಲೋಮೀಟರ್ ಓಡುವ ಖಾಸಗಿ ಗಾಡಿಗೂ ಅದೇ ತರ್ಕವೇ? ಹೊಗೆ ಬರುವುದು ಓಡಿದ ದೂರದಿಂದ ಮತ್ತು ಎಂಜಿನಿನ ಸ್ಥಿತಿಯಿಂದ. ನಮ್ಮ ಶುಲ್ಕ ಎಣಿಸುವುದು ವಯಸ್ಸನ್ನು. ಹೊಸ ಗಾಡಿಯ ಉಕ್ಕು, ಪ್ಲಾಸ್ಟಿಕ್ಕು ತಯಾರಾಗುವಾಗ ಏಳುವ ಹೊಗೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಇನ್ನೊಂದು ವಿಷಯ: ಕಾರ್ಬುರೇಟರಿನ ಮಿಶ್ರಣ, ಪಾಯಿಂಟಿನ ಅಂತರ, ವಾಲ್ವಿನ ಸಂದು ಸರಿಯಾಗಿದ್ದರೆ ಅದೇ ಎಂಜಿನ್ ಎಷ್ಟೋ ಕಡಿಮೆ ಹೊಗೆ ಬಿಡುತ್ತದೆ. ಅವನ್ನು ಸರಿಮಾಡಬಲ್ಲವರನ್ನು ಕಳೆದುಕೊಂಡರೆ ಉಳಿದ ಗಾಡಿಗಳ ಹೊಗೆ ಹೆಚ್ಚುತ್ತದೆ.

ಎರಡನೆಯದು ಸುರಕ್ಷತೆ. ಏರ್‌ಬ್ಯಾಗ್ ಇಲ್ಲ, ಡ್ರಮ್ ಬ್ರೇಕು, ಎದೆಗೆ ನೇರ ಗುರಿಯಿಟ್ಟಂತಿರುವ ಗಟ್ಟಿ ಸ್ಟೀರಿಂಗ್ ಕಂಬ. ಇಂಥ ಗಾಡಿಯನ್ನು ನೂರರ ವೇಗದ ಹೆದ್ದಾರಿಗೆ ಬಿಡಬಾರದು ಎಂದರೆ ನಾನು ಸಹಿ ಹಾಕುತ್ತೇನೆ. ವೇಗದ ಮಿತಿ ಹಾಕಲಿ, ಕೆಲವು ರಸ್ತೆಗಳನ್ನು ಮುಚ್ಚಲಿ, ತಪಾಸಣೆಯನ್ನು ಕಠಿಣಗೊಳಿಸಲಿ. ‘ಓಡಲೇಬಾರದು’ ಎನ್ನುವುದಕ್ಕೂ ‘ಇಲ್ಲಿ, ಹೀಗೆ ಓಡಬಹುದು’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೂರನೆಯ ವಾದ ನನ್ನ ಪೀಳಿಗೆಯ ಗೆಳೆಯರದು: ‘ಅದು ಲೈಸೆನ್ಸ್ ರಾಜ್ಯದ ಗಾಡಿ. ವರ್ಷಗಟ್ಟಲೆ ಕಾಯಿಸಿ, ಕಳಪೆ ಮಾಲು ಕೊಟ್ಟು, ಪೈಪೋಟಿ ಇಲ್ಲದೆ ಬದುಕಿದ ಕಂಪನಿಗಳ ಗಾಡಿ. ಕೆಂಪು ದೀಪ ಹೊತ್ತ ಬಿಳಿ ಅಂಬಾಸಡರ್ ಅಧಿಕಾರದ ದರ್ಪದ ಗುರುತು. ಅದಕ್ಕೆ ನೀನು ಯಾಕೆ ಅಳ್ತೀಯಾ?’ ನಾನು ಅಳುತ್ತಿಲ್ಲ. ಈ ವಾದದಲ್ಲಿ ಬಹುಪಾಲು ಸತ್ಯವಿದೆ, ಅದಕ್ಕೆ ನಾನೇ ಇನ್ನೊಂದನ್ನು ಸೇರಿಸುತ್ತೇನೆ. ನಾವು ಹೊಗಳುವ ಗ್ಯಾರೇಜಿನ ವಿದ್ಯೆ ಬಹಳಷ್ಟು ಕಡೆ ಹತ್ತು ವರ್ಷದ ಹುಡುಗರ ಬೆನ್ನ ಮೇಲೆ ಬೆಳೆದದ್ದು. ಶಾಲೆ ಬಿಟ್ಟು, ಸ್ಪ್ಯಾನರ್ ಎತ್ತಿಕೊಟ್ಟು, ತಪ್ಪು ನಂಬರಿನದು ಕೊಟ್ಟರೆ ಏಟು ತಿಂದು ಕಲಿತವರು ಅವರು. ನಾನು ಮಾತಾಡಿಸಿದ ಮೇಸ್ತ್ರಿಗಳಲ್ಲಿ ತಮ್ಮ ಕೆಲಸದ ಬಗ್ಗೆ ಹೆಮ್ಮೆಯಿಂದ ಹೇಳಿದವರೇ ‘ನಮ್ ಮಕ್ಳಿಗೆ ಮಾತ್ರ ಇದು ಬ್ಯಾಡ’ ಎಂದವರು. ರಿಪೇರಿಯ ಸಂಸ್ಕೃತಿ ಕೊರತೆಯ ಕೂಸು. ಅದನ್ನು ಸುವರ್ಣಯುಗ ಮಾಡುವುದು ಹಿಂದಿನ ಸೀಟಿನವರ ಇನ್ನೊಂದು ಸುಳ್ಳು.

ಆದರೆ ಹುಟ್ಟಿದ್ದು ಕೊರತೆಯಲ್ಲಿ ಎಂಬ ಕಾರಣಕ್ಕೆ ಒಂದು ವಿದ್ಯೆಯನ್ನು ಗುಜರಿಗೆ ಹಾಕಬೇಕೇ? ಹಾಗೆ ನೋಡಿದರೆ ನಮ್ಮ ಅಡುಗೆಯ ಅರ್ಧ ಬರಗಾಲದಲ್ಲಿ ಹುಟ್ಟಿದ್ದು, ಕೌದಿ ಹುಟ್ಟಿದ್ದು ಹರಿದ ಸೀರೆಯಿಂದ. ಅವನ್ನು ಈಗ ನಾವು ಮೇಳಗಳಲ್ಲಿ ಕೊಂಡಾಡುತ್ತೇವೆ. ಗ್ರೀಸು ಹತ್ತಿದ ಕೈಗೆ ಆ ಮರ್ಯಾದೆ ಸಿಗದಿರುವುದಕ್ಕೆ ಕಾರಣ, ಅದು ನೋಡಲು ಚೆಂದವಿಲ್ಲ ಮತ್ತು ಆ ಕೈ ನಮ್ಮ ಮನೆಯದಲ್ಲ. ಏಟು ತಿನ್ನದೆ, ಶಾಲೆ ಬಿಡದೆ, ಸಂಬಳ ಪಡೆದು ಆ ವಿದ್ಯೆ ಕಲಿಯುವ ದಾರಿ ಮಾಡುವುದು ಕೊರತೆಯ ಕಾಲಕ್ಕೆ ನಾವು ಕೊಡಬಹುದಾದ ಸರಿಯಾದ ಉತ್ತರ.

ಆ ದಾರಿ ಕನಸಿನದೇನಲ್ಲ. ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ಕೋರ್ಸು ಈಗಾಗಲೇ ಇದೆ. ಗುಜರಿಗೆ ಹೋಗುವ ಅಂಬಾಸಡರ್ ಒಂದನ್ನು ಪ್ರತಿ ಜಿಲ್ಲೆಯ ಒಂದು ಐಟಿಐಗೆ ಕೊಟ್ಟು, ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಗೌರವಧನ ಕೊಟ್ಟು ಕರೆಸಿ, ಒಂದು ತಿಂಗಳು ಪಾಠ ಮಾಡಿಸಲು ಎಷ್ಟು ಖರ್ಚಾದೀತು? ಎಲ್ಲ ಕಂಬಿ–ಕೀಲುಗಳೂ ಕಣ್ಣಿಗೆ ಕಾಣುವ, ಕೈಗೆ ಸಿಗುವ ಅಂಥ ಗಾಡಿ ಯಂತ್ರವಿದ್ಯೆಯ ಪಠ್ಯಪುಸ್ತಕ. ಮುಚ್ಚಿದ ಡಬ್ಬಿಗಳ ಇಂದಿನ ಕಾರಿನಲ್ಲಿ ಆ ಪಾಠ ಸಿಗುವುದಿಲ್ಲ. ಕಾನೂನಿಗೂ ನಡುವಿನ ಒಂದು ವರ್ಗ ಬೇಕು: 25 ವರ್ಷ ದಾಟಿದ, ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಓಡುವ, ತಪಾಸಣೆಯಲ್ಲಿ ಪಾಸಾದ ಗಾಡಿಗೆ ಕಡಿಮೆ ಶುಲ್ಕ. ಮೂಲರೂಪದ ಹಟ ಬಿಟ್ಟು, ಸುರಕ್ಷಿತವಾದ ರಿಪೇರಿಯನ್ನು ಒಪ್ಪುವ ನಿಯಮ. ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಕಡೆ ಗಾಡಿಗಳನ್ನು ಜೋಪಾನವಾಗಿ ಇಟ್ಟಿರುವುದು ದೊಡ್ಡ ಕೆಲಸವೇ. ಅಂಥ ಸಂಗ್ರಹಗಳಲ್ಲಿ ಒಂದು ಗಾಡಿಯ ಬಾನೆಟ್ಟಾದರೂ ತೆರೆದಿರಲಿ, ಗೇರಿನ ಹಿಡಿಯನ್ನು ಮುಟ್ಟಿ ಅಲ್ಲಾಡಿಸಿ ನೋಡುವ ಅವಕಾಶ ಮಕ್ಕಳಿಗೆ ಸಿಗಲಿ ಎಂಬುದು ನನ್ನ ಆಸೆ.

ಇವೆಲ್ಲ ಸರ್ಕಾರದ, ಸಂಸ್ಥೆಗಳ ಕೆಲಸ. ನಮ್ಮ ಕೆಲಸ ಏನು? ಕನ್ನಡ ವಿಭಾಗಗಳಲ್ಲಿ ಎಂ.ಎ. ಓದುವ, ಪಿಎಚ್.ಡಿ. ವಿಷಯಕ್ಕೆ ಹುಡುಕಾಡುವ ಗೆಳೆಯ ಗೆಳತಿಯರಿಗೆ ಒಂದು ಮಾತು. ನಿಮ್ಮ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಹಳೆಯ ಗ್ಯಾರೇಜು ಇರುತ್ತದೆ. ಅಲ್ಲಿ ಎಪ್ಪತ್ತು ದಾಟಿದ ಒಬ್ಬರು ಸ್ಟೂಲಿನ ಮೇಲೆ ಕೂತಿರುತ್ತಾರೆ. ಅವರ ಬಳಿ ಇರುವ ಕನ್ನಡವನ್ನು ಯಾರೂ ಬರೆದುಕೊಂಡಿಲ್ಲ. ಒಂದು ನೋಟ್‌ಬುಕ್ಕು, ಒಂದು ರೆಕಾರ್ಡರು ಸಾಕು. ಯಾವ ಗೇರು ಹೇಗೆ ಬೀಳುತ್ತದೆ, ಯಾವ ಸದ್ದಿಗೆ ಏನು ಹೆಸರು, ಯಾವ ಭಾಗಕ್ಕೆ ಬದಲಾಗಿ ಯಾವುದನ್ನು ಹಾಕಿದರು, ಅದನ್ನು ಅವರಿಗೆ ಯಾರು ಕಲಿಸಿದರು, ಎಷ್ಟು ಏಟಿಗೆ ಕಲಿಸಿದರು, ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ಹೊಸಗನ್ನಡದ ಒಂದು ಇಡೀ ಪದರ ಅಲ್ಲಿದೆ, ಅದಕ್ಕೆ ಹೆಚ್ಚೆಂದರೆ ಹತ್ತು ವರ್ಷದ ಆಯುಷ್ಯ.

ಅಜ್ಜನ ಅಂಬಾಸಡರಿನ ಬಗ್ಗೆ ಬರೆಯುವವರು ಬರೆಯಲಿ, ಬೇಡ ಎನ್ನಲಾರೆ. ಬರೆಯುವ ಮೊದಲು ಅದನ್ನು ಓಡಿಸುತ್ತಿದ್ದ ಡ್ರೈವರ್ ಬದುಕಿದ್ದಾರಾ ಎಂದು ವಿಚಾರಿಸಿ. ಇದ್ದರೆ ಹೋಗಿ ಮಾತಾಡಿಸಿ. ಪ್ರಬಂಧದಲ್ಲಿ ಅವರಿಗೆ ಒಂದು ಹೆಸರು ಕೊಡಿ. ಇಷ್ಟು ವರ್ಷ ಅವರು ಬರೀ ‘ಡ್ರೈವರ್’ ಆಗಿಯೇ ಉಳಿದಿದ್ದಾರೆ.